ಸೇವೆಯ ತರಬೇತಿಗೂ ವೆಚ್ಚವಿದೆ

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ, ಐದು ವರ್ಷದ ಕಾನೂನು ಪದವಿಯ ವಿದ್ಯಾರ್ಥಿಗಳು ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಪ್ರಾಯೋಗಿಕ ತರಬೇತಿ ಪಡೆಯಬೇಕು. ಸ್ವಯಂಸೇವಾ ಸಂಸ್ಥೆ, ವಕೀಲರ ಕಚೇರಿ, ಕಂಪೆನಿ ಯಾವುದಾದರೂ ಸಲ್ಲುತ್ತದೆ. ಆ ವಾರಗಳ ಖರ್ಚು ಮಾತ್ರ ವಿದ್ಯಾರ್ಥಿಯ ಪಾಲಿಗೇ ಬೀಳುತ್ತದೆ.

ಇದು ಮೂಲತಃ ಅವಕಾಶ ವೆಚ್ಚದ ಪ್ರಶ್ನೆ. ದೊಡ್ಡ ವಕೀಲಿ ಸಂಸ್ಥೆಗಳು ಸಾಮಾನ್ಯವಾಗಿ ಗೌರವಧನ ಕೊಡುತ್ತವೆ. ವಿಚಾರಣಾಧೀನ ಕೈದಿಗಳ, ಕೂಲಿಕಾರರ ಪರ ದುಡಿಯುವ ಸಣ್ಣ ಸಂಸ್ಥೆಗಳಿಗೆ ಆ ಶಕ್ತಿಯಿಲ್ಲ. ರಾಯಚೂರಿನ ಸಣ್ಣ ಹಿಡುವಳಿದಾರನ ಮಗಳು ಬೆಂಗಳೂರಿನಲ್ಲಿ ಒಂದು ತಿಂಗಳ ಊಟ, ವಸತಿಗೆ ಎಲ್ಲಿಂದ ಹಣ ತಂದಾಳು? ಹೀಗೆ, ಬಡತನವನ್ನು ಬಲ್ಲವರೇ ಬಡವರ ಪರ ವಕೀಲಿಕೆಯ ಪಾಠದಿಂದ ಹೊರಗುಳಿಯುತ್ತಾರೆ.

ಹಾರ್ವರ್ಡ್ ಸೇರಿದಂತೆ ಅಮೆರಿಕದ ಹಲವು ಕಾನೂನು ಶಾಲೆಗಳು ಬೇಸಿಗೆಯಲ್ಲಿ ಸಾರ್ವಜನಿಕ ಹಿತದ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಧನಸಹಾಯ ನೀಡುತ್ತವೆ. ನಮ್ಮಲ್ಲಿ ಅದಕ್ಕೆ ಬೇಕಾದ ಅಡಿಪಾಯ ಈಗಾಗಲೇ ಇದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ಪ್ರಭುತ್ವದ ಹೊಣೆಯಾಗಿಸಿದೆ. 1987ರ ಕಾಯ್ದೆ ತಾಲ್ಲೂಕು ಮಟ್ಟದವರೆಗೆ ಕಾನೂನು ಸೇವಾ ಸಮಿತಿಗಳಿಗೆ ಅವಕಾಶ ಕಲ್ಪಿಸಿದೆ. ಅಲ್ಲಿ ನಾಲ್ಕು ವಾರ ದುಡಿಯುವ ವಿದ್ಯಾರ್ಥಿಗೆ ಜೀವನ ವೆಚ್ಚ ಕೊಡುವುದನ್ನು ಸರ್ಕಾರ ದಾನವೆಂದು ಭಾವಿಸಬೇಕಿಲ್ಲ. ಅದು ನಾಳಿನ ನ್ಯಾಯದಾನಕ್ಕೆ ಇಂದು ಹೂಡುವ ಬಂಡವಾಳ.