ಕೊರಿಯನ್ ಅಕ್ಷರ ಬಂತು, ಕನ್ನಡ ಅಕ್ಷರ ಎಲ್ಲಿ ಹೋಯ್ತು?

ದಾವಣಗೆರೆಯ ನಮ್ಮ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು. ಚನ್ನಗಿರಿಯವನೊಬ್ಬ, ನ್ಯಾಮತಿಯವನೊಬ್ಬ, ಜಗಳೂರಿನವನೊಬ್ಬ, ಹೊನ್ನಾಳಿಯವನು ನಾನು. ಹೆಸರಿಗೆ ಎಲ್ಲರೂ ಒಂದೇ ಜಿಲ್ಲೆಯವರು. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಚನ್ನಗಿರಿ–ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ನಮ್ಮ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಹಾಗಾಗಿ ರೂಮಿನಲ್ಲಿ ಸಾರಿನ ಖಾರದಿಂದ ಹಿಡಿದು ಫ್ಯಾನಿನ ಸ್ಪೀಡಿನವರೆಗೆ ಯಾವುದರಲ್ಲೂ ಒಮ್ಮತವಿಲ್ಲ. ಹಾಡಿನ ವಿಷಯದಲ್ಲಂತೂ ದಿನಾ ಜಗಳ.

ಜಗಳೂರಿನವನು ಬಿಟಿಎಸ್ ಅಭಿಮಾನಿ. ರಾತ್ರಿ ಹನ್ನೊಂದಾದರೆ ಅವನ ಇಯರ್‌ಫೋನಿನಲ್ಲಿ ‘ಸ್ಪ್ರಿಂಗ್ ಡೇ’ ಶುರು. 2017ರ ಫೆಬ್ರುವರಿಯಲ್ಲಿ ಬಂದ ಹಾಡು ಅದು. ದೂರವಾದ ಗೆಳೆಯನನ್ನು ನೆನೆಯುತ್ತ, ಚಳಿಗಾಲ ಕಳೆದು ವಸಂತ ಬರಲಿ ಎಂದು ಕಾಯುವ ನಿಧಾನಗತಿಯ ಗೀತೆ. 2014ರ ಏಪ್ರಿಲ್‌ನಲ್ಲಿ ಸೆವೊಲ್ ಎಂಬ ಹಡಗು ಮುಳುಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಪ್ರವಾಸಕ್ಕೆ ಹೊರಟಿದ್ದ ಹೈಸ್ಕೂಲ್ ಮಕ್ಕಳು. ಆ ಮಕ್ಕಳ ನೆನಪಿನ ಹಾಡೆಂದೇ ಕೊರಿಯಾದ ಅನೇಕರು ಇದನ್ನು ಕೇಳಿಸಿಕೊಂಡರು. ಬಂದ ಹೊಸದರಲ್ಲಿ ಹಿಟ್ ಆಗಿ ಮರೆಯಾಗಲಿಲ್ಲ. ಅಲ್ಲಿನ ಮೆಲಾನ್ ಎಂಬ ಸಂಗೀತ ತಾಣದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿಯಿತು.

‘ಅರ್ಥವಾಗದ ಭಾಷೆಯ ಹಾಡು ಕೇಳಿ ಅದೇನು ಕಣ್ಣೀರು ಹಾಕ್ತೀಯೋ’ ಎಂದು ನಾವು ರೇಗಿಸುತ್ತಿದ್ದೆವು. ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಒಂದು ನೋಟ್‌ಬುಕ್ ತಂದು ಕೊರಿಯನ್ ಲಿಪಿ ಹಂಗುಲ್ ಕಲಿಯಲು ಕೂತ. ಹದಿನೈದು ದಿನದಲ್ಲಿ ಹಾಡಿನ ಸಾಲುಗಳನ್ನು ಬೆರಳಿಟ್ಟು ಓದತೊಡಗಿದ. ‘ಇದು ಕಷ್ಟ ಏನಿಲ್ಲಪ್ಪ, ನಮ್ಮ ಕಾಗುಣಿತ ಇದ್ದಂಗೇ ಐತಿ. ವ್ಯಂಜನದ ಪಕ್ಕ ಸ್ವರ ಕೂಡಿಸು, ಕೊನೆಯ ಅಕ್ಷರ ಕೆಳಗೆ ಬರಿ’ ಎಂದು ನಮಗೇ ಪಾಠ ಮಾಡಿದ. ‘ಬೊಮ್’ ಅಂದರೆ ವಸಂತ, ‘ನಲ್’ ಅಂದರೆ ದಿನ ಎಂದು ಹೇಳಿಕೊಟ್ಟ. 1443ರಲ್ಲಿ ಸೆಜೊಂಗ್ ಎಂಬ ರಾಜ, ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನರೂ ಓದಿ ಬರೆಯಲಿ ಎಂದು ಈ ಲಿಪಿ ಮಾಡಿಸಿದ, 1446ರಲ್ಲಿ ಅದನ್ನು ಜನರ ಮುಂದಿಟ್ಟ. ಮೂಲಾಕ್ಷರಗಳು ಇಪ್ಪತ್ತನಾಲ್ಕೇ. ಆ ಲಿಪಿಗೆಂದೇ ದಕ್ಷಿಣ ಕೊರಿಯಾದಲ್ಲಿ ಅಕ್ಟೋಬರ್ 9ರಂದು ರಜೆ ಇದೆಯಂತೆ. ಇದನ್ನೆಲ್ಲ ಅವನು ಹೇಳುವಾಗ ನನಗೆ ಅವನ ಮೇಲೆ ನಿಜಕ್ಕೂ ಗೌರವ ಬಂತು. ಒಂದು ಹಾಡು ಒಬ್ಬ ಹುಡುಗನನ್ನು ಕೂರಿಸಿ ಅಕ್ಷರ ತಿದ್ದಿಸಿತಲ್ಲ!

ಮರುದಿನ ನಮ್ಮ ರೂಮಿನ ವಾಟ್ಸ್‌ಆ್ಯಪ್ ಗುಂಪಿಗೆ ಅವನಿಂದ ಒಂದು ಮೆಸೇಜ್ ಬಂತು: ಬರುವಾಗ ಒಂದು ಲೀಟರ್ ಹಾಲು ತಗೊಂಡು ಬಾ. ಮಾತು ಕನ್ನಡದ್ದು, ಅಕ್ಷರ ಇಂಗ್ಲಿಷಿನವು. ನಾನು ಕೊಟ್ಟ ಉತ್ತರವೂ ಇಂಗ್ಲಿಷ್ ಅಕ್ಷರದಲ್ಲೇ ಇತ್ತು. ಆಗ ಹೊಳೆಯಿತು. ಮೂರು ವರ್ಷದಿಂದ ಈ ಗುಂಪಿನಲ್ಲಿ ಸಾವಿರಾರು ಮೆಸೇಜ್ ಹಾಕಿದ್ದೇವೆ. ಬೈದಿದ್ದೇವೆ, ಸಮಾಧಾನ ಮಾಡಿದ್ದೇವೆ, ಒಬ್ಬನ ತಂದೆ ಆಸ್ಪತ್ರೆ ಸೇರಿದಾಗ ರಾತ್ರಿಯಿಡೀ ಧೈರ್ಯ ಹೇಳಿದ್ದೇವೆ. ಎಲ್ಲವೂ ಕನ್ನಡವೇ, ಆದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ಅವನ ಫೋನಿನಲ್ಲಿ ಕೊರಿಯನ್ ಕೀಬೋರ್ಡ್ ಇತ್ತು, ಕನ್ನಡದ್ದು ಇರಲಿಲ್ಲ!

ಇದನ್ನು ಓದುವ ಹಿರಿಯರು ‘ನೋಡಿ, ಈ ಕೊರಿಯನ್ ಹುಚ್ಚಿನಿಂದಲೇ ಹೀಗಾಗಿದ್ದು’ ಅನ್ನಬಹುದು. ನಾನು ಒಪ್ಪುವುದಿಲ್ಲ. ಕೊರಿಯನ್ ಹಾಡು ನಮ್ಮ ಗೆಳೆಯನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಒಂದು ಹಾಡನ್ನು ಮನಸಾರೆ ಪ್ರೀತಿಸಿದರೆ ಅದಕ್ಕಾಗಿ ಏನು ಮಾಡಬೇಕಾಗುತ್ತದೆ ಎಂದು ತೋರಿಸಿತು. ನನ್ನ ಪ್ರಶ್ನೆ ಬೇರೆ. ನಾವು ಪ್ರೀತಿಸುವ ಕನ್ನಡದ ಹಾಡು ನಮ್ಮಿಂದ ಅಷ್ಟನ್ನು ಯಾಕೆ ಮಾಡಿಸಲಿಲ್ಲ?

ಅಂಥ ಹಾಡು ನಮಗೂ ಇದೆ. ‘ಅನಿಸುತಿದೆ ಯಾಕೋ ಇಂದು’ ಗೊತ್ತಿಲ್ಲದ ಕನ್ನಡದ ಹುಡುಗ–ಹುಡುಗಿ ಯಾರಿದ್ದಾರೆ? ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ಅಂದರೆ ಈ ಹಾಡಿಗೂ ನಮಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿದ ಆ ಸಿನಿಮಾವನ್ನು ನಾವು ಟಾಕೀಸಿನಲ್ಲಿ ನೋಡಿದವರಲ್ಲ. ಆದರೂ ಹಾಡು ನಮ್ಮ ಜೊತೆಗೇ ಬೆಳೆಯಿತು. ಚನ್ನಗಿರಿಯ ಗೆಳೆಯನಿಗೆ ಅದು ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೇಳಿದ ಹಾಡು. ನನಗೆ ಹೊನ್ನಾಳಿ–ದಾವಣಗೆರೆ ಬಸ್ಸಿನ ಹಾಡು. ನ್ಯಾಮತಿಯವನಿಗೆ ಗಣಪತಿ ಹಬ್ಬದ ರಸಮಂಜರಿಯ ಹಾಡು. ಜಗಳೂರಿನವನು ಮಾತ್ರ ನಗುತ್ತಾನೆ: ‘ನಿಮಗೆ ಮುಂಗಾರು ಮಳೆ ಅಂದ್ರೆ ಲವ್ವು. ನಮ್ಮಪ್ಪನಿಗೆ ಮೆಕ್ಕೆಜೋಳದ ಬೀಜ, ಗೊಬ್ಬರ, ಸಾಲ.’ ಹಾಗೆ ನಕ್ಕವನಿಗೂ ಹಾಡು ಬಾಯಿಪಾಠ.

ಅದರಲ್ಲಿ ಅಂಥದ್ದೇನಿದೆ? ನನಗನಿಸುವುದು ಇಷ್ಟು. ಶೀರ್ಷಿಕೆಯಲ್ಲೇ ಇರುವ ‘ಯಾಕೋ’ ಎಂಬ ಪದ ನೋಡಿ. ನಾವು ದಿನಾ ಮಾತಿನಲ್ಲಿ ಬಳಸುವ, ಸ್ವಲ್ಪ ಅನುಮಾನ ಸ್ವಲ್ಪ ಸಂಕೋಚ ಇರುವ ಪದ ಅದು. ಪ್ರೀತಿಯನ್ನು ಘೋಷಣೆ ಕೂಗುವಂತೆ ಹೇಳದೆ, ತನಗೇ ಸರಿಯಾಗಿ ತಿಳಿಯದಂತೆ ಹೇಳಿಕೊಳ್ಳಬಹುದು ಎಂಬುದನ್ನು ಈ ಹಾಡು ಒಂದು ತಲೆಮಾರಿಗೆ ಕಲಿಸಿತು. ಕಾಲೇಜಿನ ಹುಡುಗರು ಹೃದಯದ ಮಾತಿಗೆ ಹಿಂದಿ ಹಾಡನ್ನೇ ಹುಡುಕಬೇಕಿಲ್ಲ ಎಂಬ ಧೈರ್ಯ ಬಂದದ್ದೂ ಇಂಥ ಹಾಡುಗಳಿಂದಲೇ.

ಇನ್ನೊಂದು ಸಂಗತಿ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಮನಿಸಬೇಕು. ಇದನ್ನು ಬರೆದ ಜಯಂತ ಕಾಯ್ಕಿಣಿ ಓದಿದ್ದು ಬಯೋಕೆಮಿಸ್ಟ್ರಿ. ಮುಂಬೈನಲ್ಲಿ ಔಷಧ ಕಂಪನಿಯಲ್ಲಿ ದುಡಿಯುತ್ತಲೇ ಕಥೆ–ಕವಿತೆ ಬರೆದವರು. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ತಂತ್ರಜ್ಞಾನ ಕ್ಷೇತ್ರದಲ್ಲಿ ದುಡಿದವರು. ‘ನಾವು ಸೈನ್ಸ್ ಹುಡುಗರು, ನಮಗ್ಯಾಕೆ ಕನ್ನಡ’ ಎನ್ನುವ ನೆಪ ಇವರ ಮುಂದೆ ನಿಲ್ಲುವುದಿಲ್ಲ.

ಹಾಡಿನ ಪ್ರಭಾವವೆಲ್ಲ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಅದರ ನಂತರ ಎಷ್ಟೋ ಸಿನಿಮಾಗಳಲ್ಲಿ ಅದೇ ಮಳೆ, ಅದೇ ವಿರಹ, ಅದೇ ಮುಂಬೈ ದನಿ. ಇಲ್ಲಿನ ಗಾಯಕರಿಗೆ ಅವಕಾಶ ಕಡಿಮೆಯಾಯಿತು ಎಂಬ ದೂರಿನಲ್ಲಿ ಹುರುಳಿದೆ. 2025ರಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕನ್ನಡ ಹಾಡು ಹಾಡಿ ಎಂಬ ಒತ್ತಾಯಕ್ಕೆ ಈ ಹಾಡಿನ ಗಾಯಕ ಸೋನು ನಿಗಮ್ ಪ್ರತಿಕ್ರಿಯಿಸಿದ ರೀತಿ ದೊಡ್ಡ ವಿವಾದವಾಯಿತು. ಆಮೇಲೆ ಅವರು ಕ್ಷಮೆಯನ್ನೂ ಕೇಳಿದರು. ಆ ವಾರ ನಮ್ಮ ತರಗತಿಯಲ್ಲಿ ಬೇರೆ ಮಾತೇ ಇಲ್ಲ. ಕೆಲವರು ಪ್ಲೇಲಿಸ್ಟಿನಿಂದ ಹಾಡನ್ನೇ ತೆಗೆದುಹಾಕಿದರು. ಕನ್ನಡಕ್ಕೆ ಅವಮಾನವಾಯಿತೆಂದು ನಾನೂ ಉದ್ದನೆಯ ಸ್ಟೇಟಸ್ ಹಾಕಿದ್ದೆ. ಅದು ಯಾವ ಅಕ್ಷರದಲ್ಲಿತ್ತು ಗೊತ್ತೇ? ಇಂಗ್ಲಿಷ್ ಅಕ್ಷರದಲ್ಲಿ. ಈಗ ನೆನೆದರೆ ನಾಚಿಕೆಯಾಗುತ್ತದೆ. ವೇದಿಕೆಯ ಮೇಲಿದ್ದವರಿಂದ ನಾವು ಕನ್ನಡವನ್ನು ಜೋರಾಗಿ ಕೇಳುತ್ತೇವೆ. ನಮ್ಮ ಬೆರಳುಗಳಿಂದ ಮಾತ್ರ ಕೇಳುವುದಿಲ್ಲ.

ಒಂದು ಸಂಜೆ ಕರೆಂಟ್ ಹೋಗಿತ್ತು. ನಾಲ್ವರೂ ಒಂದು ಪಂದ್ಯ ಕಟ್ಟಿದೆವು. ಮೊಬೈಲ್ ನೋಡದೆ, ನೆನಪಿನಿಂದ ಆ ಹಾಡನ್ನು ಪೂರ್ತಿ ಕನ್ನಡ ಅಕ್ಷರದಲ್ಲಿ ಕಾಗದದ ಮೇಲೆ ಬರೆಯಬೇಕು. ಹಾಡಲು ಎಲ್ಲರಿಗೂ ಬರುತ್ತದೆ, ಬರೆಯಲು ಕೂತಾಗ ಪೆನ್ನು ನಿಂತುಹೋಯಿತು. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ, ಮಹಾಪ್ರಾಣ ಯಾವುದಕ್ಕೆ? ನನ್ನ ಹಾಳೆಯಲ್ಲಿ ಹದಿನಾಲ್ಕು ತಪ್ಪು. ಮೊದಲ ವರ್ಷ ‘ಸಾಂಸ್ಕೃತಿಕ ಕನ್ನಡ’ ಎಂಬ ಒಂದು ಕ್ರೆಡಿಟ್ಟಿನ ವಿಷಯ ಓದಿ ಪಾಸಾದವನು ನಾನು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿ ಪಾಸಾಗುವುದು ಸುಲಭ, ನಾಲ್ಕು ಸಾಲು ಬರೆಯುವುದು ಬೇರೆಯೇ ವಿದ್ಯೆ.

ಅತಿ ಕಡಿಮೆ ತಪ್ಪು ಮಾಡಿದವನು ನ್ಯಾಮತಿಯ ಗೆಳೆಯ, ಎರಡೇ ಎರಡು. ನಮ್ಮ ಮೂವರ ಮನೆಮಾತು ಕನ್ನಡ, ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಅವನ ಮನೆಮಾತು ಲಂಬಾಣಿ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪದ ಕಡೆಯವನು, ಹತ್ತನೇ ತರಗತಿವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು. ‘ನಿನಗೆ ಹೇಗೋ ಇಷ್ಟು ಚೆನ್ನಾಗಿ ಬರುತ್ತೆ’ ಎಂದು ಕೇಳಿದೆವು. ಅವನು ಫೋನ್ ತೆಗೆದು ತೋರಿಸಿದ. ಅವನ ಅಜ್ಜಿ ಹೇಳುವ ಲಂಬಾಣಿ ಹಾಡುಗಳನ್ನು ಒಂದೊಂದಾಗಿ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿಟ್ಟುಕೊಂಡಿದ್ದ, ಇಪ್ಪತ್ತಕ್ಕೂ ಹೆಚ್ಚು. ‘ನಮ್ಮ ಭಾಷೆಗೆ ಸ್ವಂತ ಲಿಪಿ ಇಲ್ಲ. ಅಜ್ಜಿಗೆ ಎಂಬತ್ತಾಯ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ನಾಳೆ ನಾನೇ ತಪ್ಪಾಗಿ ಓದ್ತೀನಿ’ ಎಂದ. ಮೂರು ವರ್ಷ ಒಂದೇ ರೂಮಿನಲ್ಲಿದ್ದರೂ ನಮಗೆ ಇದು ಗೊತ್ತೇ ಇರಲಿಲ್ಲ. ಸ್ವಂತ ಲಿಪಿ ಇಲ್ಲದ ಭಾಷೆಯವನು ನಮ್ಮ ಲಿಪಿಯನ್ನು ನಂಬಿ ತನ್ನ ಅಜ್ಜಿಯ ಹಾಡನ್ನು ಅದರಲ್ಲಿ ಜೋಪಾನ ಮಾಡುತ್ತಿದ್ದಾನೆ. ಸಾವಿರದೈನೂರು ವರ್ಷಕ್ಕೂ ಹಳೆಯ ಲಿಪಿ ಇರುವ ನಾವು ಹಾಲು ತರಲು ಹೇಳುವುದಕ್ಕೂ ಅದನ್ನು ಬಳಸುತ್ತಿಲ್ಲ.

‘ಕನ್ನಡದಲ್ಲಿ ಟೈಪ್ ಮಾಡೋದು ತಡ’ ಎಂಬುದು ನಾವೆಲ್ಲ ಹೇಳುವ ಕಾರಣ. ಒಂದು ಕಾಲಕ್ಕೆ ಅದು ನಿಜವಿದ್ದಿರಬಹುದು. ಕೆ.ಪಿ. ರಾವ್ ಅವರಂಥವರು ಕನ್ನಡ ಕೀಲಿಮಣೆಯ ವಿನ್ಯಾಸ ಮಾಡಿ ದಶಕಗಳೇ ಆದವು. ಈಗ ಫೋನಿನಲ್ಲಿ ಇಂಗ್ಲಿಷ್ ಕೀ ಒತ್ತಿದರೂ ಕನ್ನಡ ಅಕ್ಷರ ಮೂಡುತ್ತದೆ, ಬಾಯಲ್ಲಿ ಹೇಳಿದರೂ ಮೂಡುತ್ತದೆ. ಹಂಗುಲ್ ಕಲಿಯಲು ಹದಿನೈದು ದಿನ ಹಿಡಿಯಿತು, ಕನ್ನಡ ಕೀಬೋರ್ಡ್ ಹಾಕಿಕೊಳ್ಳಲು ಒಂದು ನಿಮಿಷ ಸಾಕು.

‘ಇದರಿಂದ ಕೆಲಸ ಸಿಗುತ್ತಾ’ ಎಂಬ ಪ್ರಶ್ನೆಯೂ ಇದೆ. ಕ್ಯಾಂಪಸ್ ಸಂದರ್ಶನಕ್ಕೆ ಇಂಗ್ಲಿಷ್ ಬೇಕು, ಕೋಡ್ ಬರೆಯಲೂ ಬೇಕು. ಅದನ್ನು ಬಿಡಿ ಎಂದು ನಾನು ಹೇಳಲಾರೆ, ನಾನೇ ಬಿಟ್ಟಿಲ್ಲ. ಆದರೆ ನಮ್ಮಲ್ಲಿ ಅರ್ಧ ಜನ ಒಂದಲ್ಲ ಒಂದು ದಿನ ರಾಜ್ಯ ಸರ್ಕಾರದ ನೇಮಕಾತಿಗೆ ಅರ್ಜಿ ಹಾಕುವವರೇ. ಅಲ್ಲಿ ಕಡ್ಡಾಯ ಕನ್ನಡ ಪತ್ರಿಕೆ ಎದುರಾದಾಗ ಪ್ರಬಂಧ, ಪತ್ರ, ಸಾರಾಂಶ ಎಲ್ಲವನ್ನೂ ಕೈಯಾರೆ ಬರೆಯಬೇಕು. ಐದು ವರ್ಷ ಕನ್ನಡ ಅಕ್ಷರ ಮುಟ್ಟದ ಕೈ ಅಂದು ಒಮ್ಮೆಲೇ ಓಡುವುದಿಲ್ಲ. ಕೆಲಸದ ಮಾತು ಬಿಟ್ಟರೂ, ನಮ್ಮ ಅಪ್ಪ–ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಇಂಗ್ಲಿಷ್ ಅಕ್ಷರದ ಕನ್ನಡ ಓದಲು ಬರುತ್ತದೆ? ನನ್ನ ಅಮ್ಮನಿಗೆ ಬರುವುದಿಲ್ಲ. ನಾನು ಮೆಸೇಜ್ ಹಾಕುವುದಿಲ್ಲ, ಫೋನ್ ಮಾತ್ರ ಮಾಡುತ್ತೇನೆ ಎಂದು ಅವಳು ಅಂದುಕೊಂಡಿದ್ದಳು. ಮೊನ್ನೆ ಮೊದಲ ಬಾರಿಗೆ ಕನ್ನಡದಲ್ಲಿ ‘ಪರೀಕ್ಷೆ ಚೆನ್ನಾಗಿ ಆಯ್ತು’ ಎಂದು ಕಳಿಸಿದೆ. ಅದನ್ನು ಪಕ್ಕದ ಮನೆಯವರಿಗೂ ಓದಿ ಹೇಳಿದಳಂತೆ.

ಬರುವ ಡಿಸೆಂಬರ್‌ಗೆ ‘ಮುಂಗಾರು ಮಳೆ’ಗೆ 20 ತುಂಬುತ್ತದೆ. ಆಗ ಎಲ್ಲರೂ ಆ ಹಾಡಿನ ತುಣುಕು ಹಾಕಿ ಸ್ಟೇಟಸ್ ಇಡುತ್ತಾರೆ, ನಾನೂ ಇಡುತ್ತೇನೆ. ನನ್ನ ಕೋರಿಕೆ ಚಿಕ್ಕದು. ಅದರ ಕೆಳಗೆ ನಿಮಗನಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ತಪ್ಪಾದರೆ ಆಗಲಿ, ನನ್ನ ಹದಿನಾಲ್ಕು ತಪ್ಪಿಗಿಂತ ಹೆಚ್ಚೇನೂ ಆಗದು. ಜೊತೆಗೆ ‘ಸ್ಪ್ರಿಂಗ್ ಡೇ’ ಕೇಳುವವರು ಕೇಳುತ್ತಲೇ ಇರಿ, ಹಂಗುಲ್ ಕಲಿಯುವವರು ಕಲಿಯಿರಿ.

ನಮ್ಮ ರೂಮಿನ ಗುಂಪಿನಲ್ಲಿ ಈಗ ಒಂದು ನಿಯಮ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವನು ಅವತ್ತಿನ ಹಾಲು ತರಬೇಕು. ಮೊದಲ ವಾರ ಹೆಚ್ಚು ದಿನ ಹಾಲು ತಂದವನು ನಾನು. ಈ ವಾರ ಇನ್ನೂ ಒಮ್ಮೆಯೂ ತಂದಿಲ್ಲ.