ಪಟ್ಟಿಯಿಂದ ಹೆಸರು ಬಿಟ್ಟವರು ಯಾರು?

ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರನ್ನು ಗುರುತಿಸಲು ಕಾಸರಗೋಡು ಜಿಲ್ಲೆಯಲ್ಲಿ 2017ರಲ್ಲಿ ವಿಶೇಷ ವೈದ್ಯಕೀಯ ಶಿಬಿರ ನಡೆಯಿತು. ಬಳಿಕ ಸಿದ್ಧವಾದ ಮೊದಲ ಪಟ್ಟಿಯಲ್ಲಿ 1,905 ಹೆಸರುಗಳಿದ್ದವು. ಅಂತಿಮ ಪಟ್ಟಿ ಹೊರಬಿದ್ದಾಗ ಉಳಿದದ್ದು 287. ಗದ್ದಲವಾಯಿತು, 76 ಮಂದಿ ಸೇರಿದರು. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕುಳಿತ ಮೇಲೆ 18 ವರ್ಷದೊಳಗಿನ 511 ಮಂದಿ ಸೇರಿದರು. ಮಿಕ್ಕ 1,031 ಮಂದಿ ಹೊರಗೇ ಉಳಿದರು. ಸತ್ಯಾಗ್ರಹ ಕುಳಿತರೆ ನಿರ್ಣಯ ಬದಲಾಗುತ್ತದೆ ಎಂದಾದರೆ ಮೊದಲ ನಿರ್ಣಯಕ್ಕೆ ಆಧಾರವಾದರೂ ಏನಿತ್ತು? ಅದನ್ನು ಬರೆದು ಸಹಿ ಹಾಕಿದವರು ಯಾರು? ಆ ಮನೆಗಳಿಗೆ ಇದನ್ನು ಯಾರೂ ಹೇಳಲಿಲ್ಲ.

ಮಂಜೇಶ್ವರ ತಾಲೂಕಿನ ಎಣ್ಮಕಜೆ ಪಂಚಾಯತಿಗೆ ಈ ಕತೆ ಹೊಸದಲ್ಲ. ಪಡ್ರೆ, ಸ್ವರ್ಗ, ವಾಣಿನಗರದ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳಲ್ಲಿ ಏನೋ ಅಸಹಜವಿದೆ ಎಂದು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು ಪಡ್ರೆಯ ಮಕ್ಕಳನ್ನು ಇದೇ ತಾಲೂಕಿನ ಮೀಂಜದ ಮಕ್ಕಳ ಜತೆ ಹೋಲಿಸಿ ನೋಡಿದರು. ಗಂಡು ಮಕ್ಕಳ ಲೈಂಗಿಕ ಬೆಳವಣಿಗೆಯ ಕುರಿತ ಆ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಗಟ್ಟಿ ಕೆಲಸ, ಅದರಲ್ಲಿ ಅನುಮಾನವಿಲ್ಲ.

ಆದರೆ ಅಲ್ಲಿ ಅಳೆದದ್ದು ದೇಹವನ್ನು. ಮಲಗಿದಲ್ಲೇ ಇರುವ ಮಗನನ್ನು ನೋಡಿಕೊಳ್ಳಲು ತಾಯಿ ಬೀಡಿ ಕಟ್ಟುವುದನ್ನು ಬಿಟ್ಟಳೇ, ಅಕ್ಕನ ಶಾಲೆ ಯಾವ ತರಗತಿಗೆ ನಿಂತಿತು, ಪಿಂಚಣಿ ಯಾರ ಕೈಗೆ ಹೋಗುತ್ತದೆ, ತಾಯಿ ತೀರಿಕೊಂಡರೆ ಆತ ಯಾರ ಪಾಲು: ಇವು ವೈದ್ಯರ ಪ್ರಶ್ನೆಗಳಲ್ಲ, ಸಮಾಜಕಾರ್ಯದವು. ಇವುಗಳ ಉತ್ತರ ಮನೆಯಿಂದ ಮನೆಗೆ, ವರ್ಷದಿಂದ ವರ್ಷಕ್ಕೆ ದಾಖಲಾಗಿದ್ದರೆ 1,905 ಹೆಸರುಗಳನ್ನು 287ಕ್ಕೆ ಇಳಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಪರಿಹಾರದ ಗತಿಯೂ ಅದೇ. ತಲಾ ₹5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ ಸಂತ್ರಸ್ತರೆಂದು ಗುರುತಾಗಿದ್ದ ಒಟ್ಟು 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ, ಅದೂ ಕೋರ್ಟು ಹತ್ತಿದವರಿಗೆ.

ಹೀಗಾದಾಗ ಯಾರನ್ನು ಕೇಳುವುದು? ವೈದ್ಯ ತಪ್ಪಿದರೆ ವೈದ್ಯಕೀಯ ಪರಿಷತ್ತು ಇದೆ, ವಕೀಲ ತಪ್ಪಿದರೆ ಬಾರ್ ಕೌನ್ಸಿಲ್. ಸಮಾಜ ಕಾರ್ಯಕರ್ತರಿಗೆಂದೇ ಒಂದು ಶಾಸನಬದ್ಧ ಪರಿಷತ್ತು ಈ ದೇಶದಲ್ಲಿಲ್ಲ. ಮುಂಬೈಯಲ್ಲಿ ಟಾಟಾ ಸಂಸ್ಥೆ ಸಮಾಜಕಾರ್ಯದ ಶಿಕ್ಷಣ ಶುರುಮಾಡಿದ್ದು 1936ರಲ್ಲಿ. ಮಂಜೇಶ್ವರದಿಂದ ಬಸ್ಸು ಹತ್ತಿದರೆ ಸಿಗುವ ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು 1960ರದ್ದು. ಅಷ್ಟು ಹಳೆಯ ಶಿಕ್ಷಣಕ್ಕೆ ಇನ್ನೂ ಪೂರ್ಣ ಕಾನೂನಿನ ಬೆನ್ನೆಲುಬಿಲ್ಲ. ಇರುವುದೆಲ್ಲ ತುಂಡು ತುಂಡು. ಪುನರ್ವಸತಿ ಕ್ಷೇತ್ರದವರು 1992ರ ಪುನರ್ವಸತಿ ಪರಿಷತ್ ಕಾಯ್ದೆಯಡಿ ಬರುತ್ತಾರೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಯಾರೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆಸ್ಪತ್ರೆಗಳ ಸಮಾಜ ಕಾರ್ಯಕರ್ತರನ್ನು 2021ರ ಆರೋಗ್ಯ ಸಂಬಂಧಿತ ವೃತ್ತಿಗಳ ಆಯೋಗದ ಕಾಯ್ದೆ ಪಟ್ಟಿಗೆ ಸೇರಿಸಿದೆ. ಪಂಚಾಯತಿಯ ಕಡೆಯಿಂದ ಸಮೀಕ್ಷೆಗೆ ಮನೆಗೆ ಹೋಗುವವರು, ಯೋಜನೆಯ ಗುತ್ತಿಗೆಯಲ್ಲಿ ದುಡಿಯುವ ಸಮಾಜಕಾರ್ಯ ಸ್ನಾತಕೋತ್ತರ, ಅಂದರೆ ಎಂಎಸ್‌ಡಬ್ಲ್ಯು ಪದವೀಧರರು ಇವ್ಯಾವುದರಲ್ಲೂ ಸರಿಯಾಗಿ ಸಿಗುವುದಿಲ್ಲ. ಎಣ್ಮಕಜೆಯ ಮನೆ ಬಾಗಿಲಿಗೆ ಬರುವವರು ಇವರೇ.

ಹಾಗಾದರೆ ಪದವಿ ಇದ್ದವರಿಗೆ ಮಾತ್ರ ಪರವಾನಗಿ ಎಂದು ಕಾನೂನು ಮಾಡಿದರೆ ಆಯಿತಲ್ಲ? ಪ್ರಾಧ್ಯಾಪಕರ ಸಂಘಟನೆಗಳಿಗೆ ಈ ದಾರಿ ಇಷ್ಟ. ನನಗೆ ಒಪ್ಪಿಗೆಯಿಲ್ಲ. ಮಂಜೇಶ್ವರದ ಪಾವೂರಿನಲ್ಲಿ 2009ರಲ್ಲಿ ‘ಸ್ನೇಹಾಲಯ’ ಆರಂಭಿಸಿ, ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ತಂದು ಆರೈಕೆ ಮಾಡಿ ದೂರದ ರಾಜ್ಯಗಳ ಮನೆಗಳಿಗೆ ಮುಟ್ಟಿಸುತ್ತಿರುವ ಜೋಸೆಫ್ ಕ್ರಾಸ್ತಾ ಆಟೊ ಓಡಿಸುತ್ತಿದ್ದವರು. ಪದವಿಯ ಬೇಲಿ ಹಾಕಿದ್ದರೆ ಅಂಥವರು ಹೊರಗಿರುತ್ತಿದ್ದರು. ಇಂಗ್ಲೆಂಡಿನಲ್ಲಿ 2005ರಿಂದ ನೋಂದಣಿಯಿಲ್ಲದೆ ಸಮಾಜ ಕಾರ್ಯಕರ್ತ ಎಂದು ಕರೆದುಕೊಳ್ಳುವಂತಿಲ್ಲ. 2019ರಲ್ಲಿ ಅದಕ್ಕೆಂದೇ ಪ್ರತ್ಯೇಕ ನಿಯಂತ್ರಣ ಸಂಸ್ಥೆಯೂ ಬಂತು. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಹೆಸರಿನ ಕಾವಲನ್ನಲ್ಲ, ದೂರಿನ ವಿಚಾರಣೆಯನ್ನು. ಅಲ್ಲಿ ಯಾರು ಬೇಕಾದರೂ ದೂರು ಕೊಡಬಹುದು, ಅದು ವಿಚಾರಣೆಗೆ ಬಂದರೆ ಕಾರ್ಯಕರ್ತ ತನ್ನ ತೀರ್ಮಾನಕ್ಕೆ ಕಾರಣ ಹೇಳಬೇಕಾಗುತ್ತದೆ.

ಆದ್ದರಿಂದ ನಿಯಂತ್ರಣ ಬೀಳಬೇಕಾದ್ದು ತೀರ್ಮಾನದ ಮೇಲೆ. ಒಂದು ಹೆಸರನ್ನು ಪಟ್ಟಿಗೆ ಸೇರಿಸುವ, ಬಿಡುವ, ಮಗುವನ್ನು ಮನೆಯಿಂದ ಕೇಂದ್ರಕ್ಕೆ ಸಾಗಿಸುವ ವರದಿಗೆ ತಮ್ಮ ಹೆಸರು ಹೇಳುವ ಒಬ್ಬರ ಸಹಿ ಇರಬೇಕು. ಆ ವರದಿ ಕುಟುಂಬದ ಕೈಗೆ ಕುಟುಂಬದ ಭಾಷೆಯಲ್ಲಿ ಸಿಗಬೇಕು. ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮನೆಗಳಿರುವ ತಾಲೂಕಿನಲ್ಲಿ ಮಲಯಾಳದ ಫಾರಂ ಒಂದನ್ನೇ ತುಂಬಿಸಿಕೊಂಡು ಹೋಗುವುದು ಅರ್ಧ ವಿಚಾರಣೆ. ಮಗನಿಗೆ ಎಷ್ಟು ಹೊತ್ತಿಗೆ ಫಿಟ್ಸ್ ಬರುತ್ತದೆ ಎಂದು ತಾಯಿ ತುಳುವಿನಲ್ಲಿ ಹೇಳಿದ್ದು ಕಡತದಲ್ಲಿ ಏನಾಗಿ ಬಿದ್ದಿತು ಎಂದು ಆಕೆಗೇ ತಿಳಿಯುವುದಿಲ್ಲ.

ಶಿಕ್ಷಣದ ಲೋಪವೂ ಇಲ್ಲೇ. ಎಂಎಸ್‌ಡಬ್ಲ್ಯು ವಿದ್ಯಾರ್ಥಿ ವಾರಕ್ಕೆ ಎರಡೋ ಮೂರೋ ದಿನ ಕ್ಷೇತ್ರಕಾರ್ಯಕ್ಕೆ ಹೋಗಿ ಬರೆದ ವರದಿ ಅಂಕ ಬಿದ್ದ ಮೇಲೆ ಕಪಾಟಿಗೆ ಸೇರುತ್ತದೆ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ಮಂಗಳೂರಿನ ಕಾಲೇಜುಗಳೂ ಮನಸ್ಸು ಮಾಡಿದರೆ ಅದೇ ಮನೆಗಳಿಗೆ ತಂಡದ ಮೇಲೆ ತಂಡ ಹೋಗಿ, ಹಿಂದಿನ ವರ್ಷ ಎಲ್ಲಿ ನಿಂತಿತ್ತೋ ಅಲ್ಲಿಂದ ಬರೆಯಬಹುದು. ಕುಟುಂಬದ ಒಪ್ಪಿಗೆ ಪಡೆದು, ಹೆಸರು ಮುಚ್ಚಿಟ್ಟು ಮಾಡಿದರೆ ದೊಡ್ಡ ಅನುದಾನವಿಲ್ಲದೆಯೇ ಹತ್ತು ವರ್ಷಗಳ ಸಂಶೋಧನೆ ಇಲ್ಲೇ ಬೆಳೆಯುತ್ತದೆ.

ಉಳಿದದ್ದು ಗಡಿಯ ಪ್ರಶ್ನೆ. 2021ರ ಕಾಯ್ದೆ ರಾಜ್ಯಕ್ಕೊಂದು ಪರಿಷತ್ತು ಎನ್ನುತ್ತದೆ. ಮಂಜೇಶ್ವರದವರು ಹೆಚ್ಚಿನ ಚಿಕಿತ್ಸೆಗೆ ಓಡುವುದು ತಲಪಾಡಿ ಗಡಿ ದಾಟಿ ಮಂಗಳೂರಿಗೆ. 2020ರ ಮಾರ್ಚಿನಲ್ಲಿ, ಕೋವಿಡ್ ಕಾಲದಲ್ಲಿ, ಆ ಗಡಿಗೆ ಮಣ್ಣು ಸುರಿದು ಮುಚ್ಚಿದಾಗ ಆಸ್ಪತ್ರೆ ಮುಟ್ಟಲಾಗದ ರೋಗಿಗಳ ಪಾಡು ಯಾರಿಗೂ ಮರೆತಿಲ್ಲ. ಕರ್ನಾಟಕದಲ್ಲಿ ನೋಂದಾಯಿತ ಆಸ್ಪತ್ರೆ ಕಾರ್ಯಕರ್ತೆ ಕೇರಳದ ರೋಗಿಯ ರಿಯಾಯಿತಿ ಅರ್ಜಿಯನ್ನು ತಪ್ಪಾಗಿ ಬರೆದರೆ ಮಂಜೇಶ್ವರ ತಾಲೂಕಿನ ಉಪ್ಪಳದ ಕುಟುಂಬ ದೂರು ಕೊಡಬೇಕಾದ್ದು ಬೆಂಗಳೂರಿಗೋ, ತಿರುವನಂತಪುರಕ್ಕೋ? ಎರಡೂ ರಾಜ್ಯಗಳ ಪರಿಷತ್ತುಗಳು ನಿಯಮ ಬರೆಯುವ ಹೊತ್ತಿಗೆ ಇದನ್ನೂ ಬರೆಯಬೇಕು: ದೂರು ಕೊಟ್ಟವರು ಇರುವ ತಾಲೂಕಿನಲ್ಲೇ, ಅವರ ಭಾಷೆಯಲ್ಲೇ ವಿಚಾರಣೆ.