ಎತ್ತರ ಬಂದ ಮಾತ್ರಕ್ಕೆ ಹೊರುವ ವಯಸ್ಸು ಬಂದೀತೆ?

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮೇವು ನೀರು ತಡೆಯುವುದು ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಅತಿಭಾರಾರೋಪಣ ಮಾತ್ರ ಸುಲಭವಾಗಿ ಕಾಣಿಸದು. ಭಾರವು ಅತಿಯಾಯಿತೆಂಬುದನ್ನು ತಕ್ಕಡಿಯೊಂದೇ ಹೇಳಲಾರದು. ಹೊರುವ ಜೀವಿಯ ವಯಸ್ಸನ್ನೂ ಕೇಳಬೇಕಾಗುತ್ತದೆ. ಮದುವೆಯ ದಿಬ್ಬಣಕ್ಕೂ ಜಯಂತಿಯ ಮೆರವಣಿಗೆಗೂ ಕುದುರೆಯನ್ನು ಬಾಡಿಗೆಗೆ ತರಿಸುವ ಶ್ರಾವಕ ಕುಟುಂಬಗಳು, ಬಸದಿಗಳ ಟ್ರಸ್ಟುಗಳು ಅದರ ಬಣ್ಣ, ಎತ್ತರ, ಬಾಡಿಗೆಗಳನ್ನು ವಿಚಾರಿಸುತ್ತವೆ. ವಯಸ್ಸನ್ನು ವಿಚಾರಿಸುವುದು ಅಪರೂಪ. ದೋಷವು ಒಳಹೊಗುವುದು ಈ ಮೌನದ ಬಾಗಿಲಿನಿಂದಲೇ.

ದಾವಣಗೆರೆ ತಾಲ್ಲೂಕಿನ ಹದಡಿಯಂಥ ಊರಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ಭದ್ರಾ ನಾಲೆಯ ಆ ಸೀಮೆಯ ರೈತನು ಹೋರಿಯನ್ನು ಕೊಳ್ಳುವಾಗ ಮೊದಲು ಅದರ ಬಾಯಿ ಬಿಡಿಸಿ ನೋಡುತ್ತಾನೆ. ಹಾಲುಹಲ್ಲಿನದೋ, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂಬುದು ತಿಳಿದ ಮೇಲೆಯೇ ನೊಗದ ಮಾತು. ಹಾಲುಹಲ್ಲಿನ ಕರು ಎಷ್ಟೇ ಮೈತುಂಬಿಕೊಂಡಿದ್ದರೂ ಅದರ ಹೆಗಲಿಗೆ ಭತ್ತದ ಗಾಡಿಯನ್ನು ಹೂಡುವುದು ಒಕ್ಕಲುತನಕ್ಕೆ ಒಪ್ಪದ ಕೆಲಸ. ಶಾಸ್ತ್ರವನ್ನು ಓದದ ರೈತನಿಗಿರುವ ಈ ವಿವೇಕವು ನಿತ್ಯ ಸ್ವಾಧ್ಯಾಯ ಮಾಡುವವರಿಗೆ ಇರಬೇಡವೆ?

ಕುದುರೆಯ ವಿಷಯದಲ್ಲಿ ಕಣ್ಣು ಮೋಸಹೋಗುವುದಕ್ಕೆ ಕಾರಣವುಂಟು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಕುದುರೆಗಳ ಪೋಷಣೆಯನ್ನು ಕುರಿತು 2007ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಿಯ ತೂಕದ ಏರಿಕೆಯನ್ನು ಒಂದು ಗಣಿತಸೂತ್ರಕ್ಕೆ ಅಳವಡಿಸಲಾಗಿದೆ. ಬೆಳೆಯಲು ಇನ್ನೂ ಎಷ್ಟು ಉಳಿದಿದೆಯೋ ಅದರಲ್ಲಿ ಶೇಕಡಾ ಏಳೂವರೆಯಷ್ಟು ಪ್ರತಿ ತಿಂಗಳೂ ತುಂಬುತ್ತದೆ ಎಂಬುದು ಅದರ ಸಾರ. ಪ್ರೌಢಾವಸ್ಥೆಯಲ್ಲಿ 500 ಕಿಲೋ ತೂಗಬೇಕಾದ ಮರಿಯು ಹುಟ್ಟಿದಾಗ ಸುಮಾರು 50 ಕಿಲೋ ಇದ್ದು, ಆರು ತಿಂಗಳಿಗೆ 215, ಒಂದು ವರ್ಷಕ್ಕೆ 320, ಎರಡು ವರ್ಷಕ್ಕೆ 430, ಮೂರು ವರ್ಷಕ್ಕೆ 470 ಕಿಲೋ ಆಗುತ್ತದೆ. ಎತ್ತರವಂತೂ ಇನ್ನೂ ಬೇಗ ಬರುತ್ತದೆ. ವರ್ಷ ತುಂಬಿದ ಮರಿಯೇ ಪ್ರೌಢ ಎತ್ತರದ ಸುಮಾರು ಶೇಕಡಾ 90ನ್ನು ಮುಟ್ಟಿರುತ್ತದೆ.

ಮೂಳೆಯ ಲೆಕ್ಕವೇ ಬೇರೆ. ಎಳೆಯ ಮೂಳೆಯ ತುದಿಗಳಲ್ಲಿ ಮೆತ್ತನೆಯ ಪದರವೊಂದಿದ್ದು, ಮೂಳೆ ಉದ್ದವಾಗುವುದು ಅದರಿಂದ. ಬೆಳವಣಿಗೆ ಮುಗಿದಾಗ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಗೊರಸಿನ ಸಮೀಪದ ಪದರಗಳು ವರ್ಷದೊಳಗೆ ಕೂಡುತ್ತವೆ. ಮುಂಗಾಲಿನ ಮಂಡಿಯ ಮೇಲಣ ಪದರವು ಎರಡರಿಂದ ಎರಡೂವರೆ ವರ್ಷದವರೆಗೂ ತೆರೆದಿರುತ್ತದೆ. ಬೆನ್ನೆಲುಬಿನ ಪದರಗಳು ಕೂಡುವುದು ಐದು ವರ್ಷದ ಆಸುಪಾಸಿನಲ್ಲಿ. ಸವಾರನು ಕುಳಿತುಕೊಳ್ಳುವ ಬೆನ್ನೇ ಎಲ್ಲಕ್ಕಿಂತ ಕಡೆಗೆ ಬಲಿಯುತ್ತದೆ ಎಂದಾಯಿತು.

ಈ ಕ್ರಮವನ್ನು ಕಾಯುವ ತಾಳ್ಮೆ ಹಣಕ್ಕೆ ಇಲ್ಲ. ಭಾರತದ ಪಂದ್ಯಗಳ ಲೆಕ್ಕದಲ್ಲಿ ಎಲ್ಲ ಕುದುರೆಗಳ ವಯಸ್ಸೂ ಜನವರಿ 1ಕ್ಕೆ ಒಂದು ವರ್ಷ ಹೆಚ್ಚುತ್ತದೆ. ಏಪ್ರಿಲಿನಲ್ಲಿ ಹುಟ್ಟಿದ ಮರಿ 20 ತಿಂಗಳು ಕಳೆಯುವಷ್ಟರಲ್ಲಿ ಕಾಗದದ ಮೇಲೆ ಎರಡು ವರ್ಷದ್ದಾಗುತ್ತದೆ. ಎರಡು ವರ್ಷದವುಗಳಿಗೆಂದೇ ಪಂದ್ಯಗಳೂ ಇವೆ. ಬೆಂಗಳೂರು, ಮೈಸೂರುಗಳಲ್ಲಿ ಪಂದ್ಯದ ಮೈದಾನಗಳನ್ನು ಕಂಡ ನಾಡಿಗೆ ಇದು ದೂರದ ಸುದ್ದಿಯಲ್ಲ. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಹೇಳಿದ ಪರಂಪರೆಯವರು ಈ ಎರಡನೆಯ ಪಾಪವನ್ನೂ ಅದರೊಡನೆ ಎಣಿಸತಕ್ಕದ್ದು.

ಎಳೆಯ ವಯಸ್ಸಿನ ವ್ಯಾಯಾಮದಿಂದ ಮೂಳೆ ಬಲಿಯುತ್ತದೆ, ಎರಡು ವರ್ಷಕ್ಕೆ ಓಡಿದ ಕುದುರೆಗಳು ಹೆಚ್ಚು ಕಾಲ ಓಡುತ್ತವೆ ಎಂಬ ವಾದವೊಂದಿದೆ. ಮೊದಲ ಮಾತು ನಿಜ. ಬಯಲಿನಲ್ಲಿ ಸ್ವೇಚ್ಛೆಯಾಗಿ ಓಡಾಡುವ ಮರಿಯ ಮೂಳೆ ಲಾಯದಲ್ಲಿ ಕಟ್ಟಿದ ಮರಿಯದಕ್ಕಿಂತ ಗಟ್ಟಿ. ಆದರೆ ಸ್ವೇಚ್ಛೆಯ ಓಟಕ್ಕೂ ಚಾವಟಿಯ ಓಟಕ್ಕೂ ವ್ಯತ್ಯಾಸವಿಲ್ಲವೆ? ಎರಡನೆಯ ಮಾತಿನಲ್ಲಿ ಲೆಕ್ಕದ ಲೋಪವಿದೆ. ಎರಡು ವರ್ಷಕ್ಕೆ ಮೈದಾನಕ್ಕಿಳಿಯುವುದು ಹುಟ್ಟಿನಿಂದ ಗಟ್ಟಿಯಾದ ಮರಿಗಳೇ. ತರಬೇತಿಯಲ್ಲಿಯೇ ಕಾಲು ಕೆಟ್ಟು ಹಿಂದುಳಿದವು ಆ ಪಟ್ಟಿಗೆ ಸೇರುವುದೇ ಇಲ್ಲ.

ಕುದುರೆ ತಮ್ಮದಲ್ಲ, ಪಾಪವೂ ತಮ್ಮದಲ್ಲ ಎನ್ನುವ ಟ್ರಸ್ಟಿಗಳು ಇರಬಹುದು. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಶಾಸ್ತ್ರವು ಹೇಳಿರುವುದು ಈ ಜಾರುಗುಣವನ್ನು ಬಲ್ಲುದರಿಂದಲೇ. ಬಾಡಿಗೆ ಕೊಟ್ಟವನದು ಕಾರಿತ, ನಿಂತು ಮೆಚ್ಚಿದವರದು ಅನುಮೋದನ. ದೇಶದ ಕಾನೂನೂ ಸುಮ್ಮನಿಲ್ಲ. ವಯಸ್ಸಿನ ಕಾರಣದಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧ. ಹೇರು ಹೊರುವ ಟಟ್ಟುವಿಗೆ 1965ರ ನಿಯಮವು 70 ಕಿಲೋ ಮಿತಿಯನ್ನು ಹಾಕಿದೆ. ಜೀನು, ಜರಿಯ ಹೊದಿಕೆ, ಅವುಗಳ ಮೇಲೆ ಪೇಟ ಸುತ್ತಿದ ವರ, ಅವನ ಮಡಿಲಲ್ಲಿ ಒಂದು ಮಗು: ಇವನ್ನೆಲ್ಲ ಕೂಡಿಸಿ ನೋಡಿದವರು ಎಷ್ಟು ಮಂದಿ?

ಪರಿಹಾರಕ್ಕೆ ಹಣ ಬೇಡ, ವಿಶೇಷ ವಿದ್ಯೆಯೂ ಬೇಡ. ಕುದುರೆಯ ಮುಂಬಾಯಿಯ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಅದರ ಪಕ್ಕದವು ಮೂರೂವರೆಗೆ, ಕೊನೆಯವು ನಾಲ್ಕೂವರೆಗೆ ಬಿದ್ದು ಹೊಸವು ಬರುತ್ತವೆ. ಐದಕ್ಕೆ ಬಾಯಿ ಕೂಡುತ್ತದೆ. ಪಶುವೈದ್ಯರು ಒಂದು ನಿಮಿಷದಲ್ಲಿ ಇದನ್ನು ನೋಡಿ ಹೇಳಬಲ್ಲರು. ಬಾಯಿಗೂಡದ ಕುದುರೆಯನ್ನು ಮೆರವಣಿಗೆಗೆ ತರತಕ್ಕದ್ದಲ್ಲ ಎಂಬ ಒಂದು ಸಾಲಿನ ನಿರ್ಣಯವನ್ನು ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ತನ್ನ ಮುಂದಿನ ಸಭೆಯಲ್ಲಿ ಬರೆದುಕೊಳ್ಳಲಿ. ಕಲ್ಯಾಣ ಮಂಟಪವನ್ನು ಕೊಡುವಾಗ ಅದೇ ಸಾಲನ್ನು ಕರಾರಿನಲ್ಲಿ ಸೇರಿಸಲಿ. ಕುದುರೆಯೇ ಬೇಡವೆನ್ನುವ ಕುಟುಂಬಕ್ಕೆ ಇನ್ನೂ ಹೆಚ್ಚಿನ ಗೌರವ ಸಲ್ಲಲಿ.

ಕೂಡಿಹಾಕಿದ ಪ್ರಾಣಿಗಳ ಆಕ್ರಂದನವನ್ನು ಕೇಳಿ ತನ್ನ ಮದುವೆಯ ದಿಬ್ಬಣದಿಂದಲೇ ಹಿಂತಿರುಗಿದವನು ನೇಮಿನಾಥ ತೀರ್ಥಂಕರ. ಆತನನ್ನು ಪೂಜಿಸುವ ಮನೆಗಳ ದಿಬ್ಬಣವು ಎಳೆಯ ಬೆನ್ನಿನ ಮೇಲೆ ಸಾಗುವುದು ಸಲ್ಲದು. ಆ ಪ್ರಾಣಿಗಳು ಕೂಗಿಕೊಂಡವು. ಹೊರೆ ಹೊತ್ತ ಕುದುರೆಮರಿ ಕೂಗುವುದೂ ಇಲ್ಲ.